ವಿದುರಾಶ್ವತ್ಥದಲ್ಲಿ ಮೊಮ್ಮಗಳು ಕೇಳಿದ ಪ್ರಶ್ನೆ

ನಮ್ಮ ಮನೆಯ ನಡುಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಒಂದು ಹಳೆಯ ಪಟ ಇದೆ. ಕಟ್ಟು ಹಾಕಿಸಿದ್ದು ನಮ್ಮ ತಾತನ ಕಾಲದಲ್ಲಿ. ಗಾಜಿನ ಒಂದು ಮೂಲೆ ಬಿರುಕು ಬಿಟ್ಟಿದೆ, ಒಳಗಿನ ಕಾಗದ ಚಹಾದ ಬಣ್ಣಕ್ಕೆ ತಿರುಗಿದೆ. ನಮ್ಮಜ್ಜಿ ಬದುಕಿರುವ ತನಕ ಪ್ರತಿ ಶುಕ್ರವಾರ ದೇವರಿಗೆ ಹೂ ಏರಿಸಿದ ಮೇಲೆ, ಮಿಕ್ಕ ಒಂದು ಹೂವನ್ನು ಆ ಪಟಕ್ಕೂ ಸಿಕ್ಕಿಸುತ್ತಿದ್ದಳು. “ನಮಗೆ ಅನ್ನ ನೀರು ಕೊಟ್ಟ ದೊರೆ ಕಣೋ” ಅನ್ನುತ್ತಿದ್ದಳು. ಅಜ್ಜಿ ಹೋದ ಮೇಲೆ ನಮ್ಮಮ್ಮ, ಅಮ್ಮ ಹೋದ ಮೇಲೆ ನನ್ನ ಹೆಂಡತಿ ಆ ಪದ್ಧತಿಯನ್ನು ಬಿಡದೆ ನಡೆಸಿಕೊಂಡು ಬಂದಿದ್ದಾರೆ.

ಹೋದ ಏಪ್ರಿಲ್ ತಿಂಗಳಲ್ಲಿ ಬೇಸಿಗೆ ರಜೆಗೆಂದು ಮೊಮ್ಮಗಳು ಬಂದಿದ್ದಳು. ಏಳನೇ ತರಗತಿ ಮುಗಿಸಿದ್ದಾಳೆ. ಎರಡು ದಿನ ಮಾವಿನಕಾಯಿ, ಮೂರನೇ ದಿನ ಮೊಬೈಲು, ನಾಲ್ಕನೇ ದಿನ “ತಾತ, ಬೋರು” ಎಂಬ ರಾಗ ಶುರುವಾಯಿತು. “ನಡಿ, ವಿದುರಾಶ್ವತ್ಥ ನೋಡಿಕೊಂಡು ಬರೋಣ” ಎಂದು ಹೊರಡಿಸಿದೆ. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮೇಷ್ಟ್ರಾಗಿದ್ದವನು. ಆ ಊರಿನ ಹೆಸರಿರುವ ಪಾಠವನ್ನು ಎಷ್ಟೋ ಸಲ ಓದಿಸಿದ್ದೇನೆ. ಆದರೆ ಅಲ್ಲಿ ನಿಂತು ಒಂದು ಮಗುವಿನ ಪ್ರಶ್ನೆಗೆ ಉತ್ತರ ಹೇಳಬೇಕಾಗಿ ಬಂದದ್ದು ಅದೇ ಮೊದಲು.

ನಾಗರಕಲ್ಲುಗಳ ಊರು

ವಿದುರಾಶ್ವತ್ಥ ಇರುವುದು ಗೌರಿಬಿದನೂರು ತಾಲ್ಲೂಕಿನಲ್ಲಿ, ಉತ್ತರ ಪಿನಾಕಿನಿ ನದಿಯ ಹತ್ತಿರ. ಈಗ ಚಿಕ್ಕಬಳ್ಳಾಪುರ ಜಿಲ್ಲೆ. ನಾವು ಚಿಕ್ಕವರಿದ್ದಾಗ ಕೋಲಾರ ಜಿಲ್ಲೆ. ಗೌರಿಬಿದನೂರಿನಿಂದ 6-7 ಕಿಲೋಮೀಟರು. ಇನ್ನೊಂದಿಷ್ಟು ದೂರ ಹೋದರೆ ಆಂಧ್ರದ ಹಿಂದೂಪುರ. ನಮ್ಮ ಸೀಮೆಯಲ್ಲಿ ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು, ಜಗಳದಲ್ಲಿ ಎರಡೂ!

ಮಹಾಭಾರತದ ವಿದುರ ಇಲ್ಲಿ ಒಂದು ಅಶ್ವತ್ಥದ ಗಿಡ ನೆಟ್ಟನಂತೆ. ಅದಕ್ಕೇ ಊರಿಗೆ ಈ ಹೆಸರು. ಆ ಹಳೆಯ ದೊಡ್ಡ ಮರ 2001ರಲ್ಲಿ ಉರುಳಿಬಿತ್ತು. ಮಕ್ಕಳಾಗಲೆಂದು, ದೋಷ ಪರಿಹಾರವಾಗಲೆಂದು ಹರಕೆ ಹೊತ್ತವರು ತಂದು ನಿಲ್ಲಿಸಿದ ನಾಗರಕಲ್ಲುಗಳು ಸಾವಿರಗಟ್ಟಲೆ ಇವೆ. ಸಾಲು ಸಾಲು ಕಲ್ಲು, ಮೇಲೆಲ್ಲ ಅರಿಶಿನ ಕುಂಕುಮ. ಮೊಮ್ಮಗಳು ಎಣಿಸಲು ಹೊರಟು ಇನ್ನೂರು ದಾಟುವಷ್ಟರಲ್ಲಿ ಕೈಚೆಲ್ಲಿದಳು.

“ವಿದುರ ಅಂದ್ರೆ ಯಾರು ಹೇಳು ನೋಡೋಣ?”

“ಧೃತರಾಷ್ಟ್ರನ ತಮ್ಮ. ಮಂತ್ರಿ. ಜೂಜಾಡಬೇಡಿ ಅಂತ ಹೇಳಿದ್ದೋನು. ರಾಜ ಅವನ ಮಾತು ಕೇಳ್ಲಿಲ್ಲ.”

“ಭೇಷ್! ರಾಜನ ಎದುರಿಗೆ ನಿಂತು ತಪ್ಪು ತಪ್ಪು ಅಂತ ಹೇಳಿದವನು. ಅಂಥವನ ಹೆಸರಿನ ಊರಲ್ಲಿ 1938ರಲ್ಲಿ ಏನಾಯ್ತು ಅಂತ ತೋರಿಸ್ತೀನಿ, ಬಾ” ಎಂದು ಅವಳನ್ನು ದೇವಸ್ಥಾನದಿಂದ ಹುತಾತ್ಮರ ಸ್ಮಾರಕದ ಕಡೆಗೆ ಕರೆದುಕೊಂಡು ಹೋದೆ.

ಕಲ್ಲಿನಲ್ಲಿ ಕೆತ್ತಿದ ಹೆಸರುಗಳ ಮುಂದೆ ಅವಳು ಸುಮ್ಮನೆ ನಿಂತಳು. ಒಂದೊಂದನ್ನೇ ಓದಿದಳು. ನಮ್ಮ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಇವತ್ತಿಗೂ ಕೂಗಿದರೆ “ಏನು?” ಎಂದು ತಿರುಗಿ ನೋಡುವಂಥ ಹೆಸರುಗಳು. ಓದಿ ಮುಗಿಸಿ ಕೇಳಿದಳು: “ತಾತ, ಇವರನ್ನ ಕೊಂದದ್ದು ಬ್ರಿಟಿಷರಾ?”

“ಅಲ್ಲಮ್ಮ. ಇದು ಮೈಸೂರು ಸಂಸ್ಥಾನ. ಪೊಲೀಸರೂ ಮೈಸೂರಿನವರೇ.”

“ಹಾಗಾದ್ರೆ ಆಗ ರಾಜ ಯಾರು?”

ನನ್ನ ಗಂಟಲು ಕಟ್ಟಿತು. “ನಮ್ಮ ಮನೆ ಪಟದಲ್ಲಿರೋರು” ಎಂದೆ.

ಅವಳು ನನ್ನ ಮುಖ ನೋಡಿದಳು. “ಅವರು ಒಳ್ಳೆಯ ರಾಜ ಅಂತ ಅಜ್ಜಿ ಹೇಳ್ತಾರಲ್ಲ? ಒಳ್ಳೆಯ ರಾಜ ಇದ್ದಾಗ ಗುಂಡು ಯಾಕೆ ಹಾರಿಸಿದ್ರು?”

ಮಕ್ಕಳೇ, ನಿಮ್ಮ ತಾತ-ಅಜ್ಜಿಯರಿಗೆ ಇಂಥ ಪ್ರಶ್ನೆ ಕೇಳಿ ನೋಡಿ. ಒಂದೇ ಮಾತಿನಲ್ಲಿ ಉತ್ತರ ಹೇಳಲಾಗುವುದಿಲ್ಲ. ಮರದ ನೆರಳಿನಲ್ಲಿ ಕೂತು, ಕಡ್ಲೆಪುರಿ ಪೊಟ್ಟಣ ಬಿಚ್ಚಿ, ನಾನು ಅವಳಿಗೆ ಹೇಳಿದ್ದನ್ನೇ ಇಲ್ಲಿ ನಿಮಗೂ ಹೇಳುತ್ತೇನೆ.

ಎಲ್ಲ ಇತ್ತು, ಒಂದು ಇರಲಿಲ್ಲ

ಅಜ್ಜಿ ಹೇಳಿದ್ದು ಸುಳ್ಳಲ್ಲ. ನಾಲ್ವಡಿಯವರ ಕಾಲದಲ್ಲಿ ಕನ್ನಂಬಾಡಿ ಕಟ್ಟೆ ಎದ್ದಿತು, ಮಂಡ್ಯದ ಬಯಲಿಗೆ ನಾಲೆಯ ನೀರು ಹರಿಯಿತು. 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ದೀಪ ಬಂತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾಯಿತು. ಹಿಂದುಳಿದ ಜಾತಿಗಳವರಿಗೆ ಸರ್ಕಾರಿ ಕೆಲಸಗಳಲ್ಲಿ ಪಾಲು ಸಿಗಲೆಂದು 1918ರಲ್ಲೇ ಮಿಲ್ಲರ್ ಸಮಿತಿ ನೇಮಕವಾಯಿತು. 1938ರಲ್ಲಿ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಊರುಗಳನ್ನು ಚೊಕ್ಕಟವಾಗಿ, ಚೆಂದವಾಗಿ ಇಡಬೇಕೆಂದು ಹಂಬಲಿಸಿದ ದಕ್ಷ ಆಡಳಿತಗಾರ. ಹೊರಗಿನವರು ಮೈಸೂರನ್ನು ಮಾದರಿ ಸಂಸ್ಥಾನ ಎಂದು ಕೊಂಡಾಡುತ್ತಿದ್ದರು.

ಜನರ ಸಭೆಯೂ ಇತ್ತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲೇ, ಪ್ರಜಾಪ್ರತಿನಿಧಿ ಸಭೆ ಶುರುವಾಗಿತ್ತು. 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಬಂತು. ಆದರೆ ಈ ಸಭೆಗಳಿಗೆ ಮತ ಹಾಕುವ ಹಕ್ಕು ಎಲ್ಲರಿಗೂ ಇರಲಿಲ್ಲ. ಜಮೀನು, ತೆರಿಗೆ, ಓದು ಇಂಥವನ್ನು ನೋಡಿ ಕೊಡುತ್ತಿದ್ದರು. ಸಭೆಯ ಸದಸ್ಯರು ನಮ್ಮೂರಿಗೆ ಕೆರೆ ಬೇಕು, ಕಂದಾಯ ಇಳಿಸಿ ಎಂದು ಕೇಳಬಹುದಾಗಿತ್ತು, ವಾದಿಸಬಹುದಾಗಿತ್ತು. ಆದರೆ ದಿವಾನರನ್ನು ಆರಿಸುವುದು ಮಹಾರಾಜರು. ದಿವಾನರ ಕೆಲಸ ಜನಕ್ಕೆ ಒಪ್ಪಿಗೆಯಾಗದಿದ್ದರೆ ಅವರನ್ನು ಇಳಿಸುವ ಅಧಿಕಾರ ಆ ಸಭೆಗಳಿಗೆ ಇರಲಿಲ್ಲ.

“ಅಂದ್ರೆ ಕ್ಲಾಸ್ ಲೀಡರ್‌ನ ಟೀಚರೇ ಆರಿಸೋ ಥರ” ಎಂದಳು ಮೊಮ್ಮಗಳು.

“ಹೂಂ, ಹಾಗೇ. ಲೀಡರು ಒಳ್ಳೆಯವನೇ ಇರಬಹುದು. ಆದರೆ ನಿಮಗೆ ಇಷ್ಟವಿಲ್ಲದಿದ್ದರೆ ಬದಲಾಯಿಸೋಕೆ ಆಗಲ್ಲ.”

ಅದೇ ಹೊತ್ತಿಗೆ ಪಕ್ಕದಲ್ಲಿ ಏನಾಗುತ್ತಿತ್ತು ನೋಡಿ. 1937ರಲ್ಲಿ ಬ್ರಿಟಿಷರ ಆಳ್ವಿಕೆಯ ಪ್ರಾಂತಗಳಲ್ಲಿ ಚುನಾವಣೆ ನಡೆಯಿತು. ಅಲ್ಲೂ ಎಲ್ಲರಿಗೂ ಮತವಿರಲಿಲ್ಲ, ಪೂರ್ತಿ ಅಧಿಕಾರವೂ ಸಿಕ್ಕಿರಲಿಲ್ಲ. ಆದರೂ ಗೆದ್ದವರು ಮಂತ್ರಿಗಳಾದರು. ಮದರಾಸು ಪ್ರಾಂತದಲ್ಲಿ ರಾಜಾಜಿಯವರ ಮಂತ್ರಿಮಂಡಲ, ಹುಬ್ಬಳ್ಳಿ-ಧಾರವಾಡಗಳು ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಬಿ.ಜಿ. ಖೇರ್ ಅವರ ಮಂತ್ರಿಮಂಡಲ. ವಿದುರಾಶ್ವತ್ಥದ ಪಕ್ಕದ ಹಿಂದೂಪುರ ಆಗ ಮದರಾಸು ಪ್ರಾಂತದಲ್ಲಿತ್ತು. ಗಡಿಯ ಆಚೆಗಿನವರಿಗೆ ಜನ ಆರಿಸಿದ ಮಂತ್ರಿಗಳು, ಈಚೆಗಿನವರಿಗೆ ಇಲ್ಲ. ಸಂತೆಗೆ ಹೋಗಿ ಬರುವ ರೈತನಿಗೂ ಈ ವ್ಯತ್ಯಾಸ ಕಾಣುತ್ತಿತ್ತು.

ಆದ್ದರಿಂದ ಮೈಸೂರು ಕಾಂಗ್ರೆಸ್ಸಿನವರು ಕೇಳಿದ್ದು “ಜವಾಬ್ದಾರಿ ಸರ್ಕಾರ.” ಈ ಪದವನ್ನು ಸ್ವಲ್ಪ ಬಿಡಿಸಿ ನೋಡಿ. ಜವಾಬು ಎಂದರೆ ಉತ್ತರ. ಜವಾಬ್ದಾರಿ ಎಂದರೆ ಉತ್ತರ ಕೊಡಬೇಕಾದ ಹೊಣೆ. ಕೇಳಿದಾಗ ಜನಕ್ಕೆ ಜವಾಬು ಕೊಡುವ ಸರ್ಕಾರ ಬೇಕು ಎಂದರು. ಮಹಾರಾಜರು ಬೇಡ ಎಂದು ಅವರು ಹೇಳಲಿಲ್ಲ. ಮಹಾರಾಜರು ಇರಲಿ, ಅವರ ಆಶ್ರಯದಲ್ಲೇ ಇರಲಿ, ಆದರೆ ಮಂತ್ರಿಗಳನ್ನು ಆರಿಸುವವರು ನಾವಾಗಬೇಕು ಎಂದರು. ಅಷ್ಟೇ.

ಶಿವಪುರದ ಬಾವುಟ

1938ರ ಏಪ್ರಿಲ್ 11ರಿಂದ 13ರವರೆಗೆ ಮದ್ದೂರಿನ ಹತ್ತಿರದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಏರ್ಪಾಟಾಯಿತು. ಅಧ್ಯಕ್ಷರು ಟಿ. ಸಿದ್ದಲಿಂಗಯ್ಯನವರು. ನಡುವೆ ಚರಕದ ಚಿತ್ರವಿದ್ದ ತ್ರಿವರ್ಣ ಬಾವುಟವನ್ನು ಹಾರಿಸುವುದೆಂದು ನಿಶ್ಚಯವಾಗಿತ್ತು. ಸರ್ಕಾರ ಕೂಡದು ಎಂದಿತು. ಸಂಸ್ಥಾನದಲ್ಲಿ ಸಂಸ್ಥಾನದ ಧ್ವಜ ಇರುವಾಗ ಇನ್ನೊಂದು ಬಾವುಟ ಏಕೆ ಎಂಬುದು ಸರ್ಕಾರದ ವಾದ.

ಆದರೂ ಸಾವಿರಾರು ಜನ ಸೇರಿದರು. ಬಾವುಟ ಏರಿತು. ಸಿದ್ದಲಿಂಗಯ್ಯನವರನ್ನು ಬಂಧಿಸಿದರು. ಒಬ್ಬರಾದ ಮೇಲೆ ಒಬ್ಬರು ಮುಂದೆ ಬಂದು ಬಾವುಟ ಹಿಡಿದರು, ಬಂಧನಕ್ಕೆ ಒಳಗಾದರು. ಯಾರೂ ಕೈ ಎತ್ತಲಿಲ್ಲ, ಯಾರೂ ಓಡಿಹೋಗಲಿಲ್ಲ. ಈ ಘಟನೆಗೆ ಶಿವಪುರ ಧ್ವಜ ಸತ್ಯಾಗ್ರಹ ಎಂದು ಹೆಸರು. ಮೈಸೂರು-ಬೆಂಗಳೂರು ಹೆದ್ದಾರಿಯಲ್ಲಿ ಮದ್ದೂರಿನಲ್ಲಿ ವಡೆ ತಿನ್ನಲು ನಿಂತಾಗ, ಹತ್ತಿರದಲ್ಲೇ ಇರುವ ಅಲ್ಲಿನ ಸತ್ಯಾಗ್ರಹ ಸೌಧವನ್ನೂ ನೋಡಿ ಬನ್ನಿ.

ಸುದ್ದಿ ಊರಿಂದೂರಿಗೆ ಹಬ್ಬಿತು. ಶಿವಪುರದವರು ಹಾರಿಸಿದರೆ ನಾವೂ ಹಾರಿಸಬಾರದೇಕೆ ಎಂದು ಬೇರೆ ಊರುಗಳಲ್ಲೂ ಬಾವುಟ ಕಟ್ಟತೊಡಗಿದರು. ಗೌರಿಬಿದನೂರಿನ ಕಡೆಯವರು ಆರಿಸಿಕೊಂಡ ಜಾಗ ವಿದುರಾಶ್ವತ್ಥ.

ಏಪ್ರಿಲ್ 25, ಸೋಮವಾರ

ಅದು ಚೈತ್ರಮಾಸ. ವಿದುರಾಶ್ವತ್ಥದ ಜಾತ್ರೆಯ ಕಾಲ. ನಮ್ಮ ಸೀಮೆಯ ಜನಕ್ಕೆ ವರ್ಷಕ್ಕೊಮ್ಮೆ ಬಳೆ, ಬತ್ತಾಸು, ಎತ್ತಿನ ಕೊರಳಿಗೆ ಗೆಜ್ಜೆ ಎಲ್ಲ ಸಿಗುತ್ತಿದ್ದ ದಿನಗಳು. ಸಭೆ ಸೇರಬಾರದು, ಬಾವುಟ ಹಾರಿಸಬಾರದು ಎಂದು ಸರ್ಕಾರ ನಿಷೇಧಾಜ್ಞೆ ಹೊರಡಿಸಿತ್ತು. ಆದರೂ 1938ರ ಏಪ್ರಿಲ್ 25ರಂದು ಸುತ್ತಲಿನ ಹಳ್ಳಿಗಳಿಂದ ಸಾವಿರಾರು ಜನ ಬಂದು ಸೇರಿದರು. ಹೊಲ ಉಳುವವರು, ಕೂಲಿಯವರು, ಹೆಂಗಸರು. ಅವರ ಹತ್ತಿರ ಬಂದೂಕಿರಲಿಲ್ಲ. ಬಾವುಟ ಇತ್ತು.

ಪೊಲೀಸರು ಚದುರಿ ಹೋಗಿ ಎಂದರು. ಜನ ಚದುರಲಿಲ್ಲ. ಲಾಠಿ ಬೀಸಿದರು. ಆಮೇಲೆ ಗುಂಡು ಹಾರಿತು.

ಗುಂಪು ಕಲ್ಲು ತೂರಿತು, ಅದಕ್ಕೇ ಗುಂಡು ಹಾರಿಸಬೇಕಾಯಿತು ಎಂದು ಸರ್ಕಾರದ ಕಡೆಯವರು ಹೇಳಿದರು. ಶಾಂತವಾಗಿದ್ದ ಜನರ ಮೇಲೆ ಗುಂಡಿನ ಮಳೆ ಸುರಿಸಿದರು ಎಂದು ಚಳವಳಿಯವರು ಹೇಳಿದರು. ಸತ್ತವರು 10 ಮಂದಿ ಎಂದಿತು ಸರ್ಕಾರ. 30ಕ್ಕೂ ಹೆಚ್ಚು ಎಂದರು ಜನ. ಸಣ್ಣ ಊರು, ಎಲ್ಲರಿಗೂ ಎಲ್ಲರೂ ಗೊತ್ತು. ಯಾರ ಮನೆಯಲ್ಲಿ ಯಾರು ವಾಪಸು ಬರಲಿಲ್ಲ ಎಂಬುದು ಹಳ್ಳಿಯವರಿಗೆ ಗೊತ್ತಿರುತ್ತದೆ. ಎರಡು ಲೆಕ್ಕಗಳ ನಡುವೆ ಇಪ್ಪತ್ತು ಜೀವಗಳ ಅಂತರ.

ಈ ಊರಿಗೆ ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂಬ ಹೆಸರು ಬಂತು. ಅಮೃತಸರದ ಜಲಿಯನ್‌ವಾಲಾ ಬಾಗ್‌ನಲ್ಲಿ 1919ರ ಏಪ್ರಿಲ್ 13ರಂದು ಸೈನಿಕರು ಹಾರಿಸಿದ್ದು 1,650 ಸುತ್ತು ಗುಂಡು. ಸರ್ಕಾರದ ಲೆಕ್ಕದಲ್ಲೇ 379 ಮಂದಿ ಸತ್ತರು. ಅದರ ಮುಂದೆ ನಮ್ಮೂರಿನ ಸಂಖ್ಯೆ ಚಿಕ್ಕದು. ಆದರೆ ಅಲ್ಲಿ ಗುಂಡು ಹಾರಿಸಲು ಹೇಳಿದವನು ಪರದೇಶದ ಅಧಿಕಾರಿ. ಇಲ್ಲಿ ನಮ್ಮವರೇ ನಮ್ಮವರ ಮೇಲೆ ಹಾರಿಸಿದ್ದು. ಆ ನೋವು ಬೇರೆ ಥರದ್ದು.

“ಆದ್ರೆ ಅವರು ರೂಲ್ಸ್ ಮುರಿದ್ರಲ್ಲ?”

ಮೊಮ್ಮಗಳು ಕಡ್ಲೆಪುರಿ ತಿನ್ನುವುದನ್ನು ನಿಲ್ಲಿಸಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: “ತಾತ, ಸೇರಬೇಡಿ ಅಂತ ಸರ್ಕಾರ ಹೇಳಿತ್ತು. ಆದ್ರೂ ಸೇರಿದ್ರು. ರೂಲ್ಸ್ ಮುರಿಯೋದು ತಪ್ಪಲ್ವಾ? ನಾವು ಕ್ಲಾಸಲ್ಲಿ ಮುರಿದ್ರೆ ನೀವೇ ಬೈತಿದ್ರಿ ಅಲ್ವಾ?”

ಮೇಷ್ಟ್ರಿಗೆ ಇದಕ್ಕಿಂತ ಇಕ್ಕಟ್ಟಿನ ಪ್ರಶ್ನೆ ಇಲ್ಲ! ನಾನು ಯೋಚಿಸಿ ಹೇಳಿದೆ.

ನಿಯಮ ಮುರಿಯುವವರಲ್ಲಿ ಎರಡು ಬಗೆ. ಒಬ್ಬ ಕದ್ದು ಮುರಿಯುತ್ತಾನೆ, ತನ್ನ ಲಾಭಕ್ಕೆ ಮುರಿಯುತ್ತಾನೆ, ಸಿಕ್ಕಿಬಿದ್ದರೆ ಓಡುತ್ತಾನೆ. ಇನ್ನೊಬ್ಬ ಮೊದಲೇ ಹೇಳಿ, ಎಲ್ಲರ ಕಣ್ಣೆದುರಿಗೆ ಮುರಿಯುತ್ತಾನೆ. ಈ ನಿಯಮ ನ್ಯಾಯವಲ್ಲ, ಅದಕ್ಕೇ ಮುರಿಯುತ್ತಿದ್ದೇನೆ, ಶಿಕ್ಷೆ ಕೊಡಿ, ಅನುಭವಿಸುತ್ತೇನೆ ಎನ್ನುತ್ತಾನೆ. ಯಾರಿಗೂ ಹೊಡೆಯುವುದಿಲ್ಲ. ಗಾಂಧೀಜಿ ಕಲಿಸಿದ ಸತ್ಯಾಗ್ರಹ ಈ ಎರಡನೆಯದು. ಮತ ಹಾಕಿ ಬದಲಾಯಿಸುವ ದಾರಿಯೇ ಇಲ್ಲದವನಿಗೆ ಉಳಿಯುವ ಮರ್ಯಾದೆಯ ದಾರಿ ಅದು.

“ಅವರು ನಿಷೇಧ ಮುರಿದ್ರು, ನಿಜ. ಬಂಧಿಸಬಹುದಾಗಿತ್ತು. ಜೈಲಿಗೆ ಹೋಗೋಕೆ ಅವರು ತಯಾರಾಗೇ ಬಂದಿದ್ರು. ಆದರೆ ಬಾವುಟ ಹಿಡಿದವರಿಗೆ ಗುಂಡು ಶಿಕ್ಷೆಯಾ?” ಎಂದು ಕೇಳಿದೆ. ಅವಳು ತಲೆಯಾಡಿಸಿದಳು.

ಹೀಗೆ ನಡೆದದ್ದು ನಮ್ಮಲ್ಲಿ ಮಾತ್ರವೂ ಅಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ 1819ರ ಆಗಸ್ಟ್ 16ರಂದು ಮತದ ಹಕ್ಕು ಕೇಳಲು ಸೇರಿದ್ದ ಜನರ ಮೇಲೆ ಕುದುರೆ ಸವಾರರು ಕತ್ತಿ ಬೀಸಿ ನುಗ್ಗಿದರು. ಸತ್ತವರಲ್ಲಿ ಎರಡು ವರ್ಷದ ಒಂದು ಕೂಸೂ ಇತ್ತು. ಅಮೆರಿಕದ ಸೆಲ್ಮಾ ಎಂಬ ಊರಿನಲ್ಲಿ 1965ರ ಮಾರ್ಚ್ 7ರಂದು ಮತದ ಹಕ್ಕಿಗಾಗಿ ಸಾಲಾಗಿ ನಡೆದುಹೋಗುತ್ತಿದ್ದ ಕಪ್ಪು ಜನರನ್ನು ಪೊಲೀಸರು ಸೇತುವೆಯ ಬಳಿ ಅಟ್ಟಿಸಿಕೊಂಡು ಹೊಡೆದರು. ಅದೇ ವರ್ಷದ ಆಗಸ್ಟ್‌ನಲ್ಲಿ ಅಲ್ಲಿ ಮತದ ಹಕ್ಕನ್ನು ಕಾಪಾಡುವ ಕಾನೂನು ಬಂತು. ನಾವು ಮತಗಟ್ಟೆಯಲ್ಲಿ ಬೆರಳಿಗೆ ಹಚ್ಚಿಸಿಕೊಳ್ಳುವ ಆ ಒಂದು ಗೆರೆ ಶಾಯಿಗೆ ಲೋಕದಲ್ಲಿ ಎಷ್ಟು ಬೆಲೆ ತೆತ್ತಿದ್ದಾರೆ ನೋಡಿ.

ಗುಂಡಿನ ನಂತರ

ವಿದುರಾಶ್ವತ್ಥದ ಸುದ್ದಿ ಗಾಂಧೀಜಿಯವರಿಗೆ ತಲುಪಿತು. ಮೇ ತಿಂಗಳಲ್ಲಿ ಸರ್ದಾರ್ ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದು ದಿವಾನರೊಂದಿಗೆ ಮಾತುಕತೆ ನಡೆಸಿದರು. ಅದರಿಂದ ಹುಟ್ಟಿದ್ದು ಮಿರ್ಜಾ-ಪಟೇಲ್ ಒಪ್ಪಂದ. ಮೈಸೂರು ಕಾಂಗ್ರೆಸ್ಸಿಗೆ ಸರ್ಕಾರ ಮಾನ್ಯತೆ ಕೊಟ್ಟಿತು. ಬಂಧನದಲ್ಲಿದ್ದ ಸತ್ಯಾಗ್ರಹಿಗಳ ಬಿಡುಗಡೆಯಾಯಿತು. ಸಂಸ್ಥಾನದ ಧ್ವಜದ ಜೊತೆಗೆ ತ್ರಿವರ್ಣ ಬಾವುಟವನ್ನೂ ಹಾರಿಸಬಹುದು ಎಂದಾಯಿತು.

ನೋಡಿದಿರಾ? ಏಪ್ರಿಲ್‌ನಲ್ಲಿ ಗುಂಡು ತಿನ್ನುವಷ್ಟು ದೊಡ್ಡ ಅಪರಾಧವಾಗಿದ್ದದ್ದು ಮೇ ತಿಂಗಳಲ್ಲಿ ಅಪರಾಧವೇ ಅಲ್ಲ ಎಂದಾಯಿತು. ಒಂದು ತಿಂಗಳು ಮೊದಲೇ ಕೂತು ಮಾತಾಡಿದ್ದರೆ ಆ ಕಲ್ಲಿನ ಮೇಲೆ ಒಂದು ಹೆಸರೂ ಇರುತ್ತಿರಲಿಲ್ಲ. ಇದನ್ನು ಹೇಳುವಾಗ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆದರೂ ಕೇಳಿದ್ದು ಕೂಡಲೇ ಸಿಗಲಿಲ್ಲ. 1940ರ ಆಗಸ್ಟ್ 3ರಂದು ನಾಲ್ವಡಿಯವರು ತೀರಿಕೊಂಡರು. ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದರು. 1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂದಾಗಲೂ ಮೈಸೂರಿನ ಜನಕ್ಕೆ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ಸೆಪ್ಟೆಂಬರ್‌ನಲ್ಲಿ “ಮೈಸೂರು ಚಲೋ” ಚಳವಳಿ ಶುರುವಾಯಿತು. ಶಾಲಾ ಹುಡುಗರು ಬೀದಿಗಿಳಿದರು. ಮೈಸೂರಿನಲ್ಲಿ ಗುಂಡೇಟಿಗೆ ರಾಮಸ್ವಾಮಿ ಎಂಬ ವಿದ್ಯಾರ್ಥಿ ಬಲಿಯಾದ. ಅಲ್ಲಿನ ರಾಮಸ್ವಾಮಿ ವೃತ್ತ ಅವನ ಹೆಸರಿನದು. ಬಸ್ಸಿನಲ್ಲಿ ಕಂಡಕ್ಟರು “ರಾಮಸ್ವಾಮಿ ಸರ್ಕಲ್, ಇಳೀರಿ” ಎಂದಾಗ ಇಳಿಯುವ ಎಷ್ಟು ಮಂದಿಗೆ ಗೊತ್ತು, ಅದು ಒಬ್ಬ ಹುಡುಗನ ಹೆಸರು ಎಂದು?

ಕೊನೆಗೆ ಅಕ್ಟೋಬರ್‌ನಲ್ಲಿ ಮಹಾರಾಜರು ಒಪ್ಪಿದರು. ನಮ್ಮ ಕೋಲಾರ ಸೀಮೆಯವರೇ ಆದ ಕೆ.ಸಿ. ರೆಡ್ಡಿಯವರು ಮೊದಲ ಮುಖ್ಯಮಂತ್ರಿಯಾದರು. ಕೇಳಿದವರಿಗೆ ಜವಾಬು ಸಿಗಲು, ವಿದುರಾಶ್ವತ್ಥದ ಆ ಸೋಮವಾರದಿಂದ, ಒಂಬತ್ತೂವರೆ ವರ್ಷ ಹಿಡಿಯಿತು.

ನಮ್ಮ ಮನೆಯ ಮಾತು

ಇಷ್ಟು ಹೇಳಿ ಎದ್ದುಬಿಡಬಹುದಾಗಿತ್ತು. ಮೊಮ್ಮಗಳು ಬಿಡಲಿಲ್ಲ. “ಆವತ್ತು ನಮ್ಮ ಮನೆಯವರು ಬಂದಿದ್ರಾ? ನಮ್ಮ ಊರು ಇಲ್ಲೇ ಹತ್ರ ಅಲ್ವಾ?”

ಈ ಪ್ರಶ್ನೆಯನ್ನು ನಾನೂ ಹುಡುಗನಾಗಿದ್ದಾಗ ಕೇಳಿದ್ದೆ. ನಮ್ಮಜ್ಜಿ ಪ್ರತಿ ವರ್ಷ ಜಾತ್ರೆಗೆ ಹೋಗಿ ನಾಗಪ್ಪನಿಗೆ ಹಾಲೆರೆದು ಬರುತ್ತಿದ್ದಳು. ಆದರೆ ತಾತ ಮಾತ್ರ ವಿದುರಾಶ್ವತ್ಥಕ್ಕೆ ಕಾಲಿಡುತ್ತಿರಲಿಲ್ಲ. ಯಾಕೆ ಎಂದರೆ ಅಜ್ಜಿ “ಸುಮ್ಮನಿರೋ” ಎನ್ನುತ್ತಿದ್ದಳು. ತಾತ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ಒಂದು ರಾತ್ರಿ ದೀಪ ಹೋಗಿ ಜಗುಲಿಯಲ್ಲಿ ಕೂತಿದ್ದಾಗ ಅವಳೇ ಹೇಳಿದಳು.

ನಮ್ಮ ತಾತ ಊರಿನ ಶಾನುಭೋಗರು. ಸರ್ಕಾರದ ಕೆಲಸ. ಬಾವುಟದ ಸಭೆಗೆ ಯಾರೂ ಹೋಗಕೂಡದು ಎಂಬ ಹುಕುಂ ಬಂದಾಗ ಅದನ್ನು ಓದಿ ಊರಲ್ಲಿ ಡಂಗುರ ಹಾಕಿಸಿದ್ದು ಅವರೇ. ಅಂದು ಬೆಳಿಗ್ಗೆ ಹೊರಟು ನಿಂತಿದ್ದ ಕೆಲವರನ್ನು ಊರ ಬಾಗಿಲಲ್ಲಿ ತಡೆದು, “ಮಹಾರಾಜರ ಉಪ್ಪು ತಿಂದು ಅವರಿಗೇ ಎದುರು ನಿಲ್ತೀರಾ?” ಎಂದು ಗದರಿದ್ದರಂತೆ. ಕೆಲವರು ಹಿಂದಿರುಗಿದರು. ಕೆಲವರು ತಲೆ ತಗ್ಗಿಸಿಕೊಂಡು ಪಕ್ಕದಿಂದ ಹೋದರು. ಸಂಜೆ ಸುದ್ದಿ ಬಂತು. ಆ ರಾತ್ರಿ ತಾತ ಊಟ ಮಾಡಲಿಲ್ಲ. ಹೋಗಬೇಡಿ ಎಂದದ್ದು ಸರಿಯಾಯಿತು ಎಂದು ಊರಿನ ಯಾರೋ ಹೇಳಿದಾಗ ಎದ್ದು ಒಳಗೆ ಹೋದರಂತೆ. ಆಮೇಲೆ ಬದುಕಿರುವ ತನಕ ಆ ಜಾತ್ರೆಗೆ ಹೋಗಲಿಲ್ಲ. ಪಟವನ್ನು ಮಾತ್ರ ತೆಗೆಯಲೂ ಇಲ್ಲ.

ನಾನು ಇದನ್ನು ನನ್ನ ಮಕ್ಕಳಿಗೆ ಹೇಳಿರಲಿಲ್ಲ. ಶಾಲೆಯಲ್ಲಿ ಪಾಠ ಮಾಡುವಾಗಲೂ ಹೇಳಲಿಲ್ಲ. “ವಿದುರಾಶ್ವತ್ಥ ದುರಂತ, 1938” ಎಂದು ಬೋರ್ಡಿನ ಮೇಲೆ ಬರೆದು, ಇದು ಒಂದು ಅಂಕದ ಪ್ರಶ್ನೆ ಎಂದು ಗೀಟು ಹಾಕಿಸಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದೆ. ನಮ್ಮ ಮನೆಯವರು ಬಾವುಟ ಹಿಡಿದಿದ್ದರೆ ಎದೆಯುಬ್ಬಿಸಿ ಹೇಳುತ್ತಿದ್ದೆನೋ ಏನೋ. ಡಂಗುರ ಹಾಕಿಸಿದವರ ಮೊಮ್ಮಗ ಎಂದು ಹೇಳಿಕೊಳ್ಳಲು ನಾಚಿಕೆಯಾಗಿತ್ತು.

ಆವತ್ತು ಆ ನೆರಳಿನಲ್ಲಿ ಮೊಮ್ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳು ಕೇಳಿದಳು: “ತಾತನ ತಾತ ಕೆಟ್ಟೋರಾ?”

“ಇಲ್ಲಮ್ಮ. ಒಳ್ಳೆಯವರು. ಊರಿನ ಲೆಕ್ಕದಲ್ಲಿ ಒಂದು ಕಾಸೂ ಹೆಚ್ಚುಕಮ್ಮಿ ಮಾಡಿದವರಲ್ಲ. ಮಹಾರಾಜರು ಒಳ್ಳೆಯವರು, ಅವರು ಏನು ಮಾಡಿದರೂ ಸರಿಯಾಗೇ ಇರುತ್ತೆ ಅಂತ ನಂಬಿದ್ರು. ಕೇಳೋದು ಅವರಿಗೆ ಗೊತ್ತಿರಲಿಲ್ಲ.”

ಅದನ್ನು ಹೇಳುತ್ತಿರುವಾಗಲೇ ಅವಳ ಮೊದಲ ಪ್ರಶ್ನೆಗೂ ಉತ್ತರ ಸಿಕ್ಕಂತಾಯಿತು. ಒಳ್ಳೆಯ ರಾಜ ಇದ್ದಾಗಲೂ ಗುಂಡು ಯಾಕೆ ಹಾರಿತು? ಒಳ್ಳೆಯತನ ಒಬ್ಬ ಮನುಷ್ಯನದು. ಅರಮನೆಯಲ್ಲಿರುವ ಆ ಒಬ್ಬ ಮನುಷ್ಯ ಊರೂರಿನ ಮೈದಾನದಲ್ಲೂ ನಿಂತಿರುವುದಿಲ್ಲ. ಅಲ್ಲಿ ನಿಂತಿರುವವನ ಕೈಯಲ್ಲಿ ಬಂದೂಕು ಇರುತ್ತದೆ. ಯಾಕೆ ಹಾರಿಸಿದೆ ಎಂದು ನಾಳೆ ಜನ ಕೇಳುತ್ತಾರೆ, ನಾನು ಜವಾಬು ಹೇಳಬೇಕು ಎಂಬ ಅಂಜಿಕೆ ಅವನಿಗೂ ಅವನ ಮೇಲಿನವರಿಗೂ ಇರಬೇಕು. ಒಳ್ಳೆಯವರು ಆಳಿದರೆ ಅದು ನಮ್ಮ ಪುಣ್ಯ. ಆಳುವವರು ಯಾರೇ ಆಗಲಿ, ಕೇಳಿದಾಗ ಉತ್ತರ ಕೊಡಬೇಕಾಗಿರುವುದು ನಮ್ಮ ಹಕ್ಕು. ಆ ಜನ ಬಂದು ಸೇರಿದ್ದು ಈ ಎರಡನೆಯದಕ್ಕಾಗಿ.

ಪಟ ಎಲ್ಲಿದೆ?

ಸ್ಮಾರಕದ ಬಳಿಯ ವೀರಸೌಧದಲ್ಲಿ ಸ್ವಾತಂತ್ರ್ಯ ಹೋರಾಟದ ಚಿತ್ರಗಳನ್ನು ನೋಡಿಕೊಂಡು, ಸಂಜೆ ಬಸ್ಸಿಗೆ ಮನೆಗೆ ಬಂದೆವು. ಕಾಲು ತೊಳೆದವಳೇ ಮೊಮ್ಮಗಳು ಪಟದ ಮುಂದೆ ಹೋಗಿ ನಿಂತಳು. ಇದನ್ನು ತೆಗೆದುಬಿಡಿ ಎನ್ನುತ್ತಾಳೇನೋ ಎಂದು ನನಗೆ ಒಳಗೊಳಗೇ ಅಳುಕು. ನನ್ನ ಹೆಂಡತಿಯೂ ಅಡುಗೆಮನೆ ಬಾಗಿಲಿಗೆ ಬಂದು ನಿಂತಿದ್ದಳು.

ಅವಳು ಹಾಗೇನೂ ಹೇಳಲಿಲ್ಲ. ತನ್ನ ನೋಟ್‌ಬುಕ್ಕಿನ ಹಾಳೆಯೊಂದನ್ನು ಹರಿದು ಏನೋ ಬರೆಯಲು ಕೂತಳು. ಸ್ಮಾರಕದಲ್ಲಿ ಓದಿದ ಹೆಸರುಗಳಲ್ಲಿ ನೆನಪಿದ್ದಷ್ಟನ್ನು ಒಂದರ ಕೆಳಗೊಂದು ಬರೆದಳು. ಮರೆತವಕ್ಕೆ ಬರೀ ಒಂದೊಂದು ಗೆರೆ ಎಳೆದಳು. ಆ ಹಾಳೆಯನ್ನು ಪಟದ ಕೆಳಗೆ ಗೋಡೆಗೆ ಅಂಟಿಸಿದಳು.

“ಅಜ್ಜಿ, ಶುಕ್ರವಾರ ಇದಕ್ಕೂ ಒಂದು ಹೂವು” ಎಂದಳು.

ನನ್ನ ಹೆಂಡತಿ ಒಂದು ಗಳಿಗೆ ಪಟವನ್ನು ನೋಡಿದಳು, ಹಾಳೆಯನ್ನು ನೋಡಿದಳು. “ಇಡೋಣ ಬಿಡು, ಅದಕ್ಕೇನಂತೆ” ಎಂದು ಒಳಗೆ ಹೋದಳು.

ರಜೆ ಮುಗಿಸಿ ಮೊಮ್ಮಗಳು ಊರಿಗೆ ಹೋದಳು. ಹಾಳೆ ಅಲ್ಲೇ ಇದೆ. ಖಾಲಿ ಗೆರೆಗಳನ್ನು ತುಂಬಲು ನಾನು ಇನ್ನೊಮ್ಮೆ ವಿದುರಾಶ್ವತ್ಥಕ್ಕೆ ಹೋಗಿ ಹೆಸರುಗಳನ್ನು ಬರೆದುಕೊಂಡು ಬಂದೆ. ಈ ಸಲ ಒಬ್ಬನೇ ಹೋಗಿದ್ದೆ. ನಮ್ಮ ತಾತ ಹೋಗದೆ ಬಿಟ್ಟ ಜಾಗದಲ್ಲಿ ನಿಂತು ಕೈಮುಗಿದೆ.

ಮಕ್ಕಳೇ, ನೀವೂ ಹೀಗೆ ಮಾಡಿ

* ನಿಮ್ಮ ಊರಿನ ವೃತ್ತ, ರಸ್ತೆ, ಶಾಲೆಗೆ ಯಾರ ಹೆಸರಿದೆ? ಆ ಹೆಸರು ಯಾಕೆ ಬಂತು? ದೊಡ್ಡವರನ್ನು ಕೇಳಿ ಬರೆದಿಡಿ.
* ತಾತ-ಅಜ್ಜಿಯರು ಮೊದಲ ಸಲ ಮತ ಹಾಕಿದ್ದು ಯಾವಾಗ, ಎಲ್ಲಿ? ಆ ದಿನ ಹೇಗಿತ್ತು ಎಂದು ಕೇಳಿ.
* ಬೆಂಗಳೂರು, ಚಿಕ್ಕಬಳ್ಳಾಪುರದ ಕಡೆಯವರು ಗೌರಿಬಿದನೂರಿಗೆ ಹೋಗಿ ವಿದುರಾಶ್ವತ್ಥವನ್ನೂ, ಮಂಡ್ಯ-ಮೈಸೂರಿನ ಕಡೆಯವರು ಶಿವಪುರವನ್ನೂ ಒಂದು ರಜಾದಿನ ನೋಡಿ ಬನ್ನಿ.

ತಾತ-ಅಜ್ಜಿಯರಿಗೂ ಒಂದು ಮಾತು. ನಮ್ಮ ಮನೆಗಳಲ್ಲಿ ಹೇಳದೆ ಬಿಟ್ಟ ಕಥೆಗಳು ಇರುತ್ತವೆ. ಹೆಮ್ಮೆಯವು ಕೆಲವು, ನಾಚಿಕೆಯವು ಕೆಲವು. ಮಕ್ಕಳು ಕೇಳಿದಾಗ ಎರಡನ್ನೂ ಹೇಳಿಬಿಡಿ.